ಹೊಳೆಮರಳಿನ ಚಿನ್ನ: ಹೊಸಬರಿಗೆ ಕಡಿಮೆ ಖರ್ಚಿನ ಸಲಕರಣೆ ಯಾವುದು?

ಗದಗಿನ ಸೀಮೆಯಿಂದ ಹೊರಟು ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ನೆಲವನ್ನು ಹಾದು ದಕ್ಷಿಣದಲ್ಲಿ ಶ್ರೀರಂಗಪಟ್ಟಣದ ಕಡೆಗೆ ಚಾಚಿಕೊಂಡಿರುವ ಪುರಾತನ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಕರೆಯುತ್ತಾರೆ. ಶಿಸ್ಟ್ ಎಂದರೆ ಭೂಮಿಯೊಳಗಿನ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಪದರು ಪದರಾಗಿ ಮಾರ್ಪಟ್ಟ ಕಲ್ಲು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ನೆಲದಲ್ಲಿ ಇಂಗಳದಾಳಿನ ತಾಮ್ರ, ಭೀಮಸಮುದ್ರ ಮತ್ತು ಹೊಸದುರ್ಗದ ಸುತ್ತಿನ ಕಬ್ಬಿಣದ ಅದಿರು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿರುವ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆ, ಇವೆಲ್ಲದರ ಜೊತೆಗೆ ಚಿನ್ನವೂ ಇದೆ. ಇದೇ ಪಟ್ಟಿಗೆ ಸೇರಿದ, ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯು ಬಯಲುಗಣಿಯಿಂದ ಅದಿರು ತೆಗೆದು, ಅದನ್ನು ಲಾರಿಗಳಲ್ಲಿ ಇಂಗಳದಾಳಿನ ಘಟಕಕ್ಕೆ ಸಾಗಿಸಿ ಚಿನ್ನ ಬೇರ್ಪಡಿಸಿದ್ದು ಈ ಭಾಗದ ಹಿರಿಯರಿಗೆ ತಿಳಿದ ಸಂಗತಿಯೇ ಆಗಿದೆ.

ಚಿನ್ನದ ಬೆಲೆ ಏರಿದಂತೆಲ್ಲ ಹೊಳೆಯ ಮರಳನ್ನು ತೊಳೆದು ಚಿನ್ನದ ಕಣ ಹುಡುಕುವ ಹವ್ಯಾಸದ ಬಗ್ಗೆ ಕುತೂಹಲವೂ ಏರುತ್ತದೆ, ಮತ್ತು ಅದಕ್ಕೆಂದೇ ತಯಾರಾದ ಪ್ಲಾಸ್ಟಿಕ್ ತಟ್ಟೆ, ಅಲ್ಯೂಮಿನಿಯಂ ತೊಟ್ಟಿ, ಮೋಟಾರು ಪಂಪುಗಳ ಜಾಹೀರಾತುಗಳು ಮೊಬೈಲ್ ಪರದೆಗೆ ಬಂದು ನಿಲ್ಲುತ್ತವೆ. ಇವುಗಳಲ್ಲಿ ಹೊಸಬರಿಗೆ ಯಾವುದು ತಕ್ಕದ್ದು ಎಂಬ ಪ್ರಶ್ನೆಗೆ ಬೆಲೆಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ. ತೊಳೆಯಬೇಕಾದ ಮರಳು ಎಂಥದ್ದು, ಸಿಗುವ ನೀರು ಎಷ್ಟು, ಚಿನ್ನದ ಕಣದ ಗಾತ್ರ ಯಾವುದು ಎಂಬ ಮೂರು ಸಂಗತಿಗಳು ತಿಳಿದ ಮೇಲೆಯೇ ಸಲಕರಣೆಯ ಆಯ್ಕೆಗೆ ಅರ್ಥ ಬರುತ್ತದೆ.

ಚಿನ್ನ ತೊಳೆಯುವ ಎಲ್ಲ ಸಲಕರಣೆಗಳೂ, ಮರದ ತಟ್ಟೆಯಿಂದ ಹಿಡಿದು ಕಾರ್ಖಾನೆಯ ಯಂತ್ರದವರೆಗೆ, ತೂಕದ ವ್ಯತ್ಯಾಸ ಎಂಬ ಒಂದೇ ಗುಣವನ್ನು ನೆಚ್ಚಿಕೊಂಡಿವೆ. ಅದೇ ಗಾತ್ರದ ನೀರಿಗಿಂತ ಶುದ್ಧ ಚಿನ್ನ 19.3 ಪಟ್ಟು ಭಾರವಾದರೆ, ಮರಳಿನ ಮುಖ್ಯ ಭಾಗವಾದ ಬೆಣಚುಕಲ್ಲು 2.65 ಪಟ್ಟು ಮಾತ್ರ ಭಾರ. ಒಣನೆಲದಲ್ಲಿ ಚಿನ್ನದ ಕಣವು ಅಷ್ಟೇ ಗಾತ್ರದ ಮರಳಿನ ಕಣಕ್ಕಿಂತ ಏಳು ಪಟ್ಟು ಭಾರವೆನಿಸಿದರೆ, ನೀರಿನೊಳಗೆ ಎರಡೂ ತಾವು ಸರಿಸಿದ ನೀರಿನಷ್ಟು ತೂಕ ಕಳೆದುಕೊಳ್ಳುವುದರಿಂದ ಆ ಅಂತರ ಹನ್ನೊಂದು ಪಟ್ಟಿಗೆ ಏರುತ್ತದೆ. ಅಕ್ಕಿಯೊಳಗಿನ ಕಲ್ಲು ಬೇರ್ಪಡಿಸಲು ಮನೆಗಳಲ್ಲಿ ಪಾತ್ರೆಯ ನೀರನ್ನು ತೂಗಾಡಿಸುತ್ತ ಅಕ್ಕಿ ಗಾಲಿಸುವ ಕ್ರಮದಲ್ಲಿರುವುದೂ ಇದೇ ತತ್ತ್ವ: ಹಗುರವಾದದ್ದು ನೀರಿನೊಂದಿಗೆ ಹೊರಡುತ್ತದೆ, ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಬೆಟ್ಟದ ಬೆಣಚುಕಲ್ಲಿನ ಎಳೆಗಳಲ್ಲಿದ್ದ ಚಿನ್ನವು ಕಲ್ಲು ಸವೆದಂತೆ ಬಿಡುಗಡೆಯಾಗಿ, ಮಳೆನೀರಿನಲ್ಲಿ ಉರುಳಿ ಬಂದು, ಹಳ್ಳದ ತಿರುವಿನ ಒಳಮಗ್ಗುಲಲ್ಲಿ, ದೊಡ್ಡ ಬಂಡೆಯ ಹಿಂದೆ, ತಳಬಂಡೆಯ ಬಿರುಕಿನಲ್ಲಿ ಹೀಗೆಯೇ ತಂಗುತ್ತದೆ. ಇಂಥ ನಿಕ್ಷೇಪಕ್ಕೆ ಮೆಕ್ಕಲು ಚಿನ್ನ ಎಂದು ಹೆಸರು.

ಕನ್ನಡ ನಾಡಿನಲ್ಲಿ ಈ ಮೆಕ್ಕಲು ಚಿನ್ನವನ್ನೇ ನಂಬಿ ಬದುಕಿದ ಜನರಿದ್ದರು. ಕಪ್ಪತಗುಡ್ಡದಿಂದ ಇಳಿಯುವ ಡೋಣಿ, ಸೊರಟೂರು ಮುಂತಾದ ಕಡೆಯ ಹಳ್ಳಗಳಲ್ಲಿ ಜಲಗಾರರು ಮಳೆಗಾಲದ ನೆರೆ ಇಳಿದ ಮೇಲೆ ಮರಳು ತೊಳೆದು ಚಿನ್ನದ ಪುಡಿ ಸಂಗ್ರಹಿಸುತ್ತಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲಿ ಪ್ರಕಟಿಸಿದ, ಡಂಬಳ ಬೆಟ್ಟಸಾಲಿನ ಚಿನ್ನದ ಶಿಲೆಗಳ ಕುರಿತ ವರದಿಯಲ್ಲಿ ಈ ಕಸುಬಿನ ವಿವರಗಳಿವೆ. ಅದಕ್ಕೂ ಬಹಳ ಮೊದಲು, 1802ರಲ್ಲಿ, ಮೈಸೂರು ಗಡಿಯ ಅಳತೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರದ ಸೀಮೆಯ ಚಿನ್ನದ ಸುದ್ದಿ ಕೇಳಿ ಬಹುಮಾನ ಸಾರಿದಾಗ, ಊರಿಗಾಂ ಕಡೆಯ ಹಳ್ಳಿಗರು ಮಣ್ಣನ್ನು ಗಾಡಿಯಲ್ಲಿ ತಂದು ಆತನ ಎದುರೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮುಂದೆ ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿ, 2001ರಲ್ಲಿ ಮುಚ್ಚುವವರೆಗೆ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಕೆ.ಜಿ.ಎಫ್.ನ ಆಧುನಿಕ ಚರಿತ್ರೆ ಆರಂಭವಾದದ್ದು ಹಳ್ಳಿಗರ ಕೈಯ ಇಂಥ ಸರಳ ಉಪಕರಣದಿಂದಲೇ. ಹಳೆಯ ಕಸುಬುದಾರರ ಜಾಣ್ಮೆ ಇದ್ದದ್ದು ಜಾಗ ಗುರುತಿಸುವುದರಲ್ಲಿ ಮತ್ತು ಕೈಯ ಹದದಲ್ಲಿ. ಈ ಮಾತನ್ನು ಸಲಕರಣೆ ಕೊಳ್ಳಹೊರಟವರು ಮೊದಲೇ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ಹೊಸಬರ ಮೊದಲ ಸಲಕರಣೆ ತಟ್ಟೆಯೇ ಆಗಿರಬೇಕು. ಪ್ಯಾನ್ ಎಂದು ಕರೆಯಲಾಗುವ, ಇಳಿಜಾರು ಅಂಚಿನ ಈ ಅಗಲ ತಟ್ಟೆ ಸಾಮಾನ್ಯವಾಗಿ 10ರಿಂದ 14 ಅಂಗುಲ ಅಗಲವಿರುತ್ತದೆ. ಹೆಚ್ಚು ಅಗಲದ್ದನ್ನು ಕೊಂಡರೆ ನೀರು ಮತ್ತು ಮರಳು ತುಂಬಿದ ಅದರ ಭಾರಕ್ಕೆ ಸ್ವಲ್ಪ ಹೊತ್ತಿನಲ್ಲೇ ಮಣಿಕಟ್ಟು ಸೋಲುತ್ತದೆ. ಕಬ್ಬಿಣದ ತಟ್ಟೆಗಿಂತ ಪ್ಲಾಸ್ಟಿಕ್ ತಟ್ಟೆ ಹಗುರ, ಅಗ್ಗ, ತುಕ್ಕು ಹಿಡಿಯುವುದಿಲ್ಲ, ಜೊತೆಗೆ ಅದರ ಕೆಳಗೆ ಅಯಸ್ಕಾಂತ ಓಡಿಸಿ ಕಪ್ಪು ಮರಳನ್ನು ಸರಿಸಬಹುದು. ಹಸಿರು ಅಥವಾ ಕಡುನೀಲಿ ಬಣ್ಣದ್ದಾದರೆ ಹಳದಿ ಕಣ ಮತ್ತು ಕಪ್ಪು ಮರಳು ಎರಡೂ ಕಣ್ಣಿಗೆ ಸ್ಪಷ್ಟವಾಗಿ ಬೀಳುತ್ತವೆ. ಒಳಮೈಯ ಒಂದು ಕಡೆ ಮೆಟ್ಟಿಲಿನಂತಹ ಗೀರುಗಳಿದ್ದರೆ ಕಲಿಯುವವರ ಕೈತಪ್ಪಿಗೆ ಅವು ತಡೆಯಾಗುತ್ತವೆ. ಹೊಸ ತಟ್ಟೆಗೆ ತಯಾರಿಕೆಯ ವೇಳೆಯ ಎಣ್ಣೆಯ ಅಂಶ ಅಂಟಿಕೊಂಡಿದ್ದರೆ ಹಾಳೆಯಷ್ಟು ತೆಳುವಾದ ಚಿನ್ನದ ಚೂರುಗಳು ಮುಳುಗದೆ ನೀರಿನ ಮೇಲೇ ತೇಲಿ ಹೋಗುವ ಅಪಾಯವಿರುವುದರಿಂದ, ಸೋಪು ಹಾಕಿ ಉಜ್ಜಿ ತೊಳೆದ ನಂತರವೇ ಅದನ್ನು ಬಳಸಬೇಕು.

ತಟ್ಟೆಯ ಕೆಲಸವನ್ನು ಕಲಿಯಲು ಹೊಳೆಗೆ ಹೋಗಬೇಕಾಗಿಯೂ ಇಲ್ಲ. ಮೀನುಬಲೆಗೆ ಕಟ್ಟುವ ಸೀಸದ ಗುಂಡನ್ನು ಸಣ್ಣ ಚೂರುಗಳಾಗಿ ಕತ್ತರಿಸಿ, ಚಪ್ಪಟೆ ಬಡಿದು, ಎಣಿಸಿ ಹತ್ತು ಚೂರುಗಳನ್ನು ಒಂದು ತಟ್ಟೆ ಮರಳಿನಲ್ಲಿ ಬೆರೆಸಿ, ಅಗಲವಾದ ನೀರಿನ ಟಬ್ಬಿನೊಳಗೆ ತೊಳೆಯಬೇಕು. ಸೀಸದ ಸಾಂದ್ರತೆ 11.3, ಅಂದರೆ ಚಿನ್ನಕ್ಕಿಂತ ಕಡಿಮೆ. ಆದ್ದರಿಂದ ಪ್ರತಿ ಸಲವೂ ಹತ್ತಕ್ಕೆ ಹತ್ತು ಸೀಸದ ಚೂರು ತಳದಲ್ಲಿ ಉಳಿಸಿಕೊಳ್ಳಬಲ್ಲ ಕೈಯಿಂದ ಅದೇ ಗಾತ್ರದ ಚಿನ್ನ ಜಾರುವ ಸಂಭವ ಬಹಳ ಕಡಿಮೆ. ಸೀಸ ವಿಷಕಾರಿಯಾದ್ದರಿಂದ ಅಭ್ಯಾಸದ ನಂತರ ಕೈ ತೊಳೆಯುವುದು ಮತ್ತು ಆ ಟಬ್ಬನ್ನು ಮನೆಬಳಕೆಗೆ ತರದಿರುವುದು ಅಗತ್ಯ. ಈ ಅಭ್ಯಾಸ ಸಾಧಿಸದೆ ದೊಡ್ಡ ಸಲಕರಣೆಗೆ ಹಣ ಹಾಕುವುದು ವ್ಯರ್ಥ. ಎಷ್ಟೇ ದುಬಾರಿ ಯಂತ್ರವಿದ್ದರೂ ಕೊನೆಯ ಹಂತದಲ್ಲಿ ಅದು ಕೊಡುವ ಭಾರದ ಮರಳನ್ನು ಶುದ್ಧಿ ಮಾಡಬೇಕಾದುದು ತಟ್ಟೆಯಲ್ಲೇ.

ಎರಡನೆಯ ಸಲಕರಣೆ ಜರಡಿ. ನೀರಿನ ಹರಿವಿನಲ್ಲಿ ದೊಡ್ಡ ಬೆಣಚುಕಲ್ಲೊಂದು ಸಣ್ಣ ಚಿನ್ನದ ಕಣದಷ್ಟೇ ಹಟದಿಂದ ನಿಲ್ಲಬಲ್ಲದು, ಆದ್ದರಿಂದ ತೂಕದಿಂದ ಬೇರ್ಪಡಿಸುವ ಮೊದಲು ಗಾತ್ರದಿಂದ ಬೇರ್ಪಡಿಸುವುದು ಕಡ್ಡಾಯ. ಅರ್ಧ ಅಂಗುಲದ ಕಣ್ಣಿನದೊಂದು, ಎಂಟನೇ ಒಂದು ಅಂಗುಲದ ಕಣ್ಣಿನದೊಂದು ಜರಡಿ ಹೊಸಬರಿಗೆ ಸಾಕು. ಗಾರೆ ಕೆಲಸಕ್ಕೆ ಮರಳು ಸೋಸಲು ಬಳಸುವ ಜಾಲರಿಯನ್ನು ಮರದ ಚೌಕಟ್ಟಿಗೆ ಬಡಿದರೆ ಮೊದಲನೆಯದು ಸಿದ್ಧ. ಬಾಂಡ್ಲಿ, ಸಲಿಕೆ, ಬಕೆಟ್ಟುಗಳು ರೈತರ ಮನೆಯಲ್ಲಿ ಇದ್ದೇ ಇರುತ್ತವೆ.

ಮೂರನೆಯದು, ಈ ಲೇಖನದ ಮುಖ್ಯ ವಸ್ತುವಾದ ಸ್ಲೂಸ್ ಬಾಕ್ಸ್: ಎರಡೂ ತುದಿ ತೆರೆದಿರುವ, ತಳದಲ್ಲಿ ಅಡ್ಡಪಟ್ಟಿಗಳನ್ನೂ ಅವುಗಳ ಕೆಳಗೆ ಒರಟು ಹಾಸನ್ನೂ ಹೊಂದಿರುವ, ಇಳಿಜಾರಾಗಿ ಇಟ್ಟು ನೀರು ಹಾಯಿಸುವ ಉದ್ದನೆಯ ತೊಟ್ಟಿ. ಹರಿಯುವ ನೀರು ಅಡ್ಡಪಟ್ಟಿಯನ್ನು ದಾಟುವಾಗ ಅದರ ಹಿಂಬದಿಯಲ್ಲಿ ಸಣ್ಣ ಸುಳಿ ಹುಟ್ಟುತ್ತದೆ, ಆ ಸುಳಿಯಲ್ಲಿ ಹಗುರ ಮರಳು ಮೇಲೆದ್ದು ಹೊರಗೆ ಹೋಗುತ್ತದೆ, ಭಾರದ ಕಣ ಕೆಳಗಿನ ಹಾಸಿನ ಎಳೆಗಳೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಈ ಉಪಾಯ ಹೊಸದೇನಲ್ಲ. ಪ್ರಾಚೀನ ಕಾಲದಲ್ಲಿ ಕಾಕಸಸ್ ಪ್ರದೇಶದ ಜನ ತೊರೆಗಳಲ್ಲಿ ಕುರಿಯ ತುಪ್ಪಳ ಹಾಸಿ ಚಿನ್ನ ಹಿಡಿಯುತ್ತಿದ್ದುದನ್ನು ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ ದಾಖಲಿಸಿದ್ದಾನೆ. 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿಗಾರಿಕೆಯ ಗ್ರಂಥದಲ್ಲಿ ಇಂಥ ತೊಟ್ಟಿಗಳ ಚಿತ್ರಗಳೇ ಇವೆ. ದೊಡ್ಡ ಗಣಿಗಳೂ ಪುಡಿಮಾಡಿದ ಅದಿರನ್ನು ಒರಟು ಬಟ್ಟೆ ಹಾಸಿದ ಇಳಿಜಾರು ಹಲಗೆಗಳ ಮೇಲೆ ಹರಿಸಿ ಬಿಡಿಚಿನ್ನವನ್ನು ಹಿಡಿಯುತ್ತಿದ್ದವು.

ಹೊಸಬರಿಗೆ ಸುಮಾರು ಮೂರರಿಂದ ನಾಲ್ಕು ಅಡಿ ಉದ್ದದ, ಹತ್ತು ಅಂಗುಲ ಅಗಲದ ತೊಟ್ಟಿ ಧಾರಾಳವಾಯಿತು. ಮಾರಾಟಕ್ಕೆ ಬರುವವುಗಳಲ್ಲಿ ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ತೆಳುವಾಗಿದ್ದರೆ ಬಿಸಿಲಿಗೆ ಬಾಗುತ್ತದೆ. ಅಲ್ಯೂಮಿನಿಯಂ ಹಗುರವೂ ಗಟ್ಟಿಯೂ ಆಗಿದ್ದು ಬೆಲೆ ಹೆಚ್ಚು. ಉಕ್ಕಿನದು ಬಾಳಿಕೆ ಬಂದರೂ ಹೊತ್ತು ನಡೆಯುವವರಿಗೆ ಶಿಕ್ಷೆ. ಕೊಳ್ಳುವಾಗ ತೊಟ್ಟಿಯ ಹೊಳಪಿಗಿಂತ ಅದರ ಹಾಸಿಗೆ ಹೆಚ್ಚು ಗಮನ ಕೊಡಬೇಕು. ಅಡ್ಡಪಟ್ಟಿಗಳು ಹಾಸಿಗೆ ಸಂದಿಲ್ಲದಂತೆ ಒತ್ತಿ ಕೂರುತ್ತವೆಯೇ, ಅವನ್ನು ಸುಲಭವಾಗಿ ಬಿಚ್ಚಿ ಹಾಸನ್ನು ಹೊರತೆಗೆದು ಬಕೆಟ್ಟಿನಲ್ಲಿ ಜಾಲಾಡಿಸಬಹುದೇ ಎಂಬುದು ಮೊದಲ ಪರೀಕ್ಷೆ. ಪಟ್ಟಿಗಳ ಕೆಳಗೆ ಸಂದು ಉಳಿದರೆ ನೀರು ಅಲ್ಲಿಂದ ನುಗ್ಗಿ, ಹಿಡಿದ ಚಿನ್ನವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಎತ್ತರದ ಅಡ್ಡಪಟ್ಟಿಗಳು ದಪ್ಪ ಕಣಕ್ಕೆ ಒಳ್ಳೆಯವು. ಹಿಟ್ಟಿನಂತಹ ಸಣ್ಣ ಚಿನ್ನಕ್ಕೆ ತಗ್ಗು ಗೀರುಗಳ ರಬ್ಬರ್ ಹಾಸು, ಅಥವಾ ಒರಟು ಹಾಸಿನ ಮೇಲೆ ವಜ್ರಾಕಾರದ ಕಣ್ಣುಗಳ ಉಕ್ಕಿನ ಜಾಲರಿ ಉತ್ತಮ.

ಇಂಥ ತೊಟ್ಟಿಯನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ. ನೀರಿಗೆ ತಡೆಯುವ ಪ್ಲೈವುಡ್ಡಿನ ತಳ, ನಾಲ್ಕು ಅಂಗುಲ ಎತ್ತರದ ಎರಡು ಪಕ್ಕೆ ಹಲಗೆ, ಮೇಲೆ ಒತ್ತಿ ಹಿಡಿಯಲು ಜಾಲರಿ, ಅದರ ಕೆಳಗೆ ಹಾಸು, ಇಷ್ಟೇ ಅದರ ರಚನೆ. ಹಾಸಿಗೆ ವಿದೇಶಿ ವಸ್ತುವನ್ನೇ ತರಿಸಬೇಕೆಂದಿಲ್ಲ. ಚಳ್ಳಕೆರೆಯ ಕಡೆ ನೇಯುವ ಒರಟು ಉಣ್ಣೆಯ ಕಂಬಳಿಯ ತುಂಡು ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಉಣ್ಣೆಯ ಎಳೆಗಳು ಸಣ್ಣ ಕಣಗಳನ್ನು ಹಿಡಿದಿಟ್ಟುಕೊಳ್ಳುವ ಗುಣಕ್ಕೆ ಸ್ಟ್ರಾಬೋ ಹೇಳಿದ ತುಪ್ಪಳವೇ ಹಳೆಯ ಸಾಕ್ಷಿ. ಹಣ ಉಳಿಸಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಮತ್ತು ಸ್ವತಃ ಕಟ್ಟಿಸಿದ ತೊಟ್ಟಿಯ ಪ್ರತಿಯೊಂದು ಭಾಗವೂ ಏಕೆ ಇದೆ ಎಂಬುದು ಕಟ್ಟಿಸಿದವರಿಗೆ ತಾನಾಗಿ ತಿಳಿಯುತ್ತದೆ.

ತೊಟ್ಟಿಯನ್ನು ಹೂಡುವಾಗ ಒಂದು ಅಡಿ ಉದ್ದಕ್ಕೆ ಒಂದು ಅಂಗುಲ ಇಳಿಜಾರು ಎಂಬ ಲೆಕ್ಕದಿಂದ ಆರಂಭಿಸಿ, ನೀರಿನ ರಭಸ ನೋಡಿ ಹೆಚ್ಚು ಕಡಿಮೆ ಮಾಡಬೇಕು. ಅಡ್ಡಪಟ್ಟಿಗಳ ಹಿಂದೆ ಮರಳು ಅರ್ಧದಷ್ಟು ತುಂಬಿ ಒಂದೇ ಸಮನೆ ಕುಣಿಯುತ್ತಿದ್ದರೆ ಹರಿವು ಸರಿಯಾಗಿದೆ. ಪಟ್ಟಿಗಳು ಬರಿದಾಗಿ ಕಂಡರೆ ರಭಸ ಹೆಚ್ಚಾಗಿದೆ, ಗಟ್ಟಿಯಾಗಿ ಹೂತುಹೋದರೆ ಕಡಿಮೆಯಾಗಿದೆ. ಜರಡಿಯಾಡಿದ ಮರಳನ್ನು ಬಾಂಡ್ಲಿಗಟ್ಟಲೆ ಒಮ್ಮೆಗೇ ಸುರಿಯದೆ, ಹಿಡಿಹಿಡಿಯಾಗಿ, ಹಿಂದಿನದು ಹರಿದು ಹೋದ ಮೇಲೆ ಮುಂದಿನದನ್ನು ಹಾಕಬೇಕು. ಚಿನ್ನದ ಬಹುಭಾಗ ತೊಟ್ಟಿಯ ಮೇಲಿನ ಮೂರನೇ ಒಂದು ಭಾಗದಲ್ಲೇ ಸಿಗಬೇಕು. ಕೆಳತುದಿಯ ಪಟ್ಟಿಗಳಲ್ಲೂ ಕಣ ಕಾಣಿಸಿದರೆ ಅದಕ್ಕಿಂತ ಹೆಚ್ಚಿನದು ಹೊರಗೆ ಹೋಗಿದೆ ಎಂದೇ ತಿಳಿಯಬೇಕು. ಹೊರಬಿದ್ದ ಮರಳನ್ನು ಆಗಾಗ ಒಂದು ತಟ್ಟೆ ತೊಳೆದು ನೋಡುವ ಅಭ್ಯಾಸ ಯಾವ ದುಬಾರಿ ಭಾಗಕ್ಕಿಂತಲೂ ಹೆಚ್ಚು ಚಿನ್ನ ಉಳಿಸುತ್ತದೆ.

ಚಿತ್ರದುರ್ಗದ ನೆಲಕ್ಕೆ ಈ ಸಾಮಾನ್ಯ ನಿಯಮಗಳ ಜೊತೆ ಎರಡು ವಿಶೇಷ ತೊಡಕುಗಳು ಸೇರುತ್ತವೆ. ಮೊದಲನೆಯದು ಕಬ್ಬಿಣ. ಕಬ್ಬಿಣದ ಅದಿರಿನ ಬೆಟ್ಟಗಳಿಂದ ಇಳಿಯುವ ಹಳ್ಳಗಳ ಮರಳಿನಲ್ಲಿ ಮ್ಯಾಗ್ನೆಟೈಟ್ ಮತ್ತು ಹೆಮಟೈಟ್ ಎಂಬ, ನೀರಿಗಿಂತ ಐದು ಪಟ್ಟು ಭಾರದ ಕಪ್ಪು ಖನಿಜಗಳು ಧಾರಾಳವಾಗಿ ಬೆರೆತಿರುವುದರಿಂದ, ಅವು ಬೇಗನೆ ಅಡ್ಡಪಟ್ಟಿಗಳ ಸಂದುಗಳನ್ನು ತುಂಬಿ ಚಿನ್ನಕ್ಕೆ ಇಳಿಯಲು ಜಾಗವಿಲ್ಲದಂತೆ ಮಾಡುತ್ತವೆ. ಮ್ಯಾಗ್ನೆಟೈಟನ್ನು ಅಯಸ್ಕಾಂತದಿಂದ ಎತ್ತಬಹುದು, ಹೆಮಟೈಟ್ ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಆದ್ದರಿಂದ ಇಂಥ ಮರಳಿಗೆ ದೊಡ್ಡ ತೊಟ್ಟಿಗಿಂತ, ಬೇಗ ಬೇಗ ಬಿಚ್ಚಿ ತೊಳೆಯಬಹುದಾದ ಚಿಕ್ಕ ತೊಟ್ಟಿಯೇ ಮೇಲು. ಎರಡನೆಯದು ನೀರು. ಸ್ಲೂಸ್ ಬಾಕ್ಸ್ ಬಿಡುವಿಲ್ಲದ ಹರಿವನ್ನು ಬೇಡುತ್ತದೆ, ಆದರೆ ಇದು ಮಳೆ ಕಡಿಮೆಯ ಸೀಮೆ. ವೇದಾವತಿ, ಸುವರ್ಣಮುಖಿಗಳಂಥ ನದಿಗಳೂ ವರ್ಷದ ಬಹುಕಾಲ ಬತ್ತಿರುತ್ತವೆ. ನೀರು ಕಡಿಮೆ ಇರುವಲ್ಲಿ ರಾಕರ್ ಎಂಬ ತೊಟ್ಟಿಲಿನಾಕಾರದ ಪೆಟ್ಟಿಗೆ ಹೊಂದುತ್ತದೆ: ಮೇಲೆ ಜರಡಿ, ಕೆಳಗೆ ಇಳಿಜಾರು ಹಾಸು ಇರುವ ಇದನ್ನು ಒಂದು ಕೈಯಲ್ಲಿ ತೂಗುತ್ತ ಇನ್ನೊಂದು ಕೈಯಲ್ಲಿ ತಂಬಿಗೆಯಿಂದ ನೀರು ಹೊಯ್ಯುತ್ತಾರೆ, ಹೊಯ್ದ ನೀರನ್ನೇ ತಿಳಿಗೊಳಿಸಿ ಮತ್ತೆ ಬಳಸಬಹುದು. 1849ರ ಕ್ಯಾಲಿಫೋರ್ನಿಯಾದ ಚಿನ್ನದ ಧಾವಂತದಲ್ಲಿ ಹಣವಿಲ್ಲದ ಸಾವಿರಾರು ಜನ ಇದರಿಂದಲೇ ಕೆಲಸ ಮಾಡಿದರು. ಮೋಟಾರು ಪಂಪು, ಸುತ್ತುವ ಪೀಪಾಯಿ, ನೀರಡಿಯ ಮರಳನ್ನು ಹೀರುವ ಯಂತ್ರಗಳು ಹೊಸಬರಿಗೆ ಬೇಕಾಗಿಲ್ಲ. ಕ್ಯಾಲಿಫೋರ್ನಿಯಾವೇ 2009ರಲ್ಲಿ ಹೀರುಯಂತ್ರಗಳನ್ನು ನದಿಗಳಲ್ಲಿ ನಿಷೇಧಿಸಿತು.

ಹಾಸಿನಲ್ಲಿ ಹೊಳೆದದ್ದೆಲ್ಲ ಚಿನ್ನವಲ್ಲ ಎಂಬ ಎಚ್ಚರವೂ ಇಲ್ಲಿ ಹೆಚ್ಚು ಬೇಕು. ಇಂಗಳದಾಳಿನ ತಾಮ್ರದ ಅದಿರಾದ ಚಾಲ್ಕೊಪೈರೈಟ್, ಅದರ ಜೊತೆಗಿರುವ ಪೈರೈಟ್, ಇವೆರಡೂ ಹಿತ್ತಾಳೆಯ ಬಣ್ಣಕ್ಕೆ ಹೊಳೆಯುತ್ತವೆ. ಕಾಗೆಬಂಗಾರವಂತೂ ನೀರಿನಲ್ಲಿ ಚಿನ್ನಕ್ಕಿಂತ ಹೆಚ್ಚು ಮಿನುಗುತ್ತದೆ. ನೆರಳಿನಲ್ಲಿ ಹಿಡಿದರೂ ಚಿನ್ನದ ಬಣ್ಣ ಮಾಸುವುದಿಲ್ಲ, ಸೂಜಿಯಿಂದ ಒತ್ತಿದರೆ ಅದು ತಗ್ಗುತ್ತದೆ. ಪೈರೈಟ್ ಪುಡಿಯಾಗುತ್ತದೆ, ಕಾಗೆಬಂಗಾರ ಹಾಳೆಯಾಗಿ ಸುಲಿಯುತ್ತದೆ. ಇನ್ನು, ಕೊನೆಯ ಮರಳಿನಿಂದ ಚಿನ್ನ ಹೀರಲು ಪಾದರಸ ಬಳಸಬಹುದೆಂಬ ಸಲಹೆಯನ್ನು ಯಾರು ಕೊಟ್ಟರೂ ಕೇಳಬಾರದು. ಪಾದರಸವನ್ನು ಕಾಯಿಸಿದಾಗ ಏಳುವ ಆವಿ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ, ನೀರಿಗೆ ಸೇರಿದ ಪಾದರಸ ಮೀನಿನ ಮೂಲಕ ಮನುಷ್ಯರಿಗೆ ಮರಳುತ್ತದೆ. ಅದರ ಬಳಕೆಯನ್ನು ತಗ್ಗಿಸಲು ರೂಪುಗೊಂಡ 2013ರ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ.

ಲಾಭದ ಲೆಕ್ಕವನ್ನೂ ಮುಚ್ಚಿಡದೆ ಹೇಳಬೇಕು. ಒಂದು ಟನ್ ಮರಳಿನಲ್ಲಿ ಒಂದು ಗ್ರಾಮಿನ ಇಪ್ಪತ್ತನೇ ಒಂದು ಭಾಗ ಚಿನ್ನವಿದೆ ಎಂದಿಟ್ಟುಕೊಂಡರೆ, ದಿನಕ್ಕೆ ಒಂದು ಟನ್ ಅಗೆದು, ಜರಡಿಯಾಡಿ, ತೊಳೆಯುವ ವ್ಯಕ್ತಿಗೆ ಒಂದು ಗ್ರಾಂ ಕೂಡಿಸಲು ಇಪ್ಪತ್ತು ದಿನ ಬೇಕು, ಅದೂ ಒಂದು ಕಣವೂ ಜಾರದಿದ್ದರೆ. ಅಜ್ಜನಹಳ್ಳಿಯಂಥ ಕಡೆ ಚಿನ್ನವು ಕಬ್ಬಿಣದ ಶಿಲೆಗಳೊಳಗಿನ ಗಂಧಕಯುಕ್ತ ಖನಿಜಗಳ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬೆರೆತಿರುವುದರಿಂದ, ಅದನ್ನು ಬೇರ್ಪಡಿಸಲು ಕಲ್ಲನ್ನು ನುಣ್ಣಗೆ ಅರೆದು ರಾಸಾಯನಿಕ ಕ್ರಮ ಅನುಸರಿಸಬೇಕೇ ಹೊರತು ಯಾವ ತೊಟ್ಟಿಯೂ ನೆರವಾಗದು. ತೊಟ್ಟಿ ಕೊಂಡರೆ ವಾರದೊಳಗೆ ಹಾಕಿದ ಹಣ ಮರಳುತ್ತದೆ ಎನ್ನುವ ಮಾರಾಟಗಾರರ ಮಾತನ್ನು ನಂಬಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಕಾನೂನು. ಭಾರತದಲ್ಲಿ 1957ರ ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 4ನೇ ಕಲಮಿನ ಪ್ರಕಾರ, ಪರವಾನಗಿ ಅಥವಾ ಗುತ್ತಿಗೆಯಿಲ್ಲದೆ ಖನಿಜ ಶೋಧನೆಯನ್ನಾಗಲಿ ಗಣಿಗಾರಿಕೆಯನ್ನಾಗಲಿ ನಡೆಸುವಂತಿಲ್ಲ. ಉಲ್ಲಂಘಿಸಿದವರಿಗೆ 21ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸ ಮತ್ತು ಹೆಕ್ಟೇರಿಗೆ ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹವ್ಯಾಸಕ್ಕೆಂದು ಚಿನ್ನ ತೊಳೆಯುವವರಿಗೆ ಬೇರೆಯದೇ ಆದ ಸುಲಭ ಪರವಾನಗಿ ಈ ಕಾಯ್ದೆಯಲ್ಲಿಲ್ಲ. ಜೋಗಿಮಟ್ಟಿಯಂಥ ಕಾಯ್ದಿಟ್ಟ ಅರಣ್ಯಕ್ಕೆ ಅರಣ್ಯ ಮತ್ತು ವನ್ಯಜೀವಿ ಕಾಯ್ದೆಗಳೂ ಅನ್ವಯಿಸುತ್ತವೆ. ನಿಧಿಯಾಸೆಗೆ ಕೋಟೆ, ಗುಡಿ, ಬೆಟ್ಟಗಳನ್ನು ಅಗೆದು ಕೆಡಿಸುವ ಹಾವಳಿಯಿಂದ ಈಗಾಗಲೇ ನೊಂದಿರುವ ನೆಲಕ್ಕೆ ಹಳ್ಳ ಅಗೆಯುವ ಇನ್ನೊಂದು ಹಾವಳಿ ಸೇರಬಾರದು.

ಹೊರದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಸ್ಥಿತಿ ಬೇರೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಸಾರ್ವಜನಿಕರು ಚಿನ್ನ ಹುಡುಕಲೆಂದೇ ಬಿಟ್ಟಿರುವ ಜಾಗಗಳಿದ್ದು, ಅಲ್ಲಿ ಮೋಟಾರಿಲ್ಲದ ಕೈಸಲಕರಣೆಗಳಿಗೆ ಮಾತ್ರ ಅವಕಾಶವಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೈನರ್ಸ್ ರೈಟ್ ಎಂಬ ಅನುಮತಿಪತ್ರ ಪಡೆದೇ ಹೊರಡಬೇಕು. ಸಲಕರಣೆಯ ನಿಯಮ ಊರಿಂದೂರಿಗೆ ಬದಲಾಗುವುದರಿಂದ, ತೊಟ್ಟಿ ಕೊಳ್ಳುವ ಮೊದಲೇ ಆ ಜಾಗದಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದು ಕೇಳಿಕೊಳ್ಳುವುದು ಹಣ ಉಳಿಸುವ ಮೊದಲ ಹೆಜ್ಜೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಓದುಗರಲ್ಲಿ ಈ ವಿದ್ಯೆಯನ್ನು ಕಲಿಯಬಯಸುವವರು ಒಂದು ಪ್ಲಾಸ್ಟಿಕ್ ತಟ್ಟೆ, ಎರಡು ಜರಡಿ, ಒಂದು ಟಬ್ಬು ನೀರು ಮತ್ತು ಎಣಿಸಿದ ಸೀಸದ ಚೂರುಗಳಿಂದ ಮನೆಯಂಗಳದಲ್ಲೇ ಆರಂಭಿಸಲಿ. ಶಾಲೆಗಳ ವಿಜ್ಞಾನ ಶಿಕ್ಷಕರು ಕಂಬಳಿ ಹಾಸಿದ ಮೂರಡಿ ತೊಟ್ಟಿಯೊಂದನ್ನು ಕಟ್ಟಿಸಿ, ಸಾಂದ್ರತೆಯ ಪಾಠವನ್ನೂ ತಮ್ಮ ಜಿಲ್ಲೆಯ ಶಿಲೆಗಳ ಚರಿತ್ರೆಯನ್ನೂ ಮಕ್ಕಳಿಗೆ ಅದರ ಮೂಲಕ ತೋರಿಸಲಿ. ಹಳ್ಳಕ್ಕೆ ಇಳಿಯಬೇಕೆನ್ನುವವರು ಮೊದಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು.